ಭಾಗೀರಥಮ್ಮನ ಎರಡು ನಿಮಿಷ

ನಮ್ಮೂರಲ್ಲಿ ಯಾರೂ ಬಾಗಿಲು ತಟ್ಟುವುದಿಲ್ಲ. ಹೊಸ್ತಿಲು ದಾಟಲು ಹೊರಟವರ ಹೆಜ್ಜೆ ಸಪ್ಪಳ ಅವರಿಗಿಂತ ಮೊದಲೇ ಬಂದು ಬಾಗಿಲು ಮುಟ್ಟುತ್ತದೆ. ಮೊದಲು ಅಂದರೆ ಹನ್ನೆರಡು ಎಣಿಸುವಷ್ಟು ಹೊತ್ತು. ಒಳಗೆ ಬರುವವರದೂ ಹಾಗೇ, ಹೊರಗೆ ಹೋಗುವವರದೂ ಹಾಗೇ. ಅವರವರ ಹೆಜ್ಜೆ ಮಾತ್ರ ಅವರವರಿಗೆ ಕೇಳಿಸುವುದಿಲ್ಲ. ಅಕ್ಕಿ ತೊಳೆಯುತ್ತಿರುವ ಹೆಂಗಸು ಹೆಜ್ಜೆ ಕೇಳಿದ ಕೂಡಲೇ ಇನ್ನೊಂದು ಹಿಡಿ ಅಕ್ಕಿ ಹಾಕುತ್ತಾಳೆ. ಹೊಸ ಸೊಸೆ ಒಂದು ತಿಂಗಳಲ್ಲಿ ಮನೆಯವರೆಲ್ಲರ ಹೆಜ್ಜೆ ಕಲಿತುಬಿಡುತ್ತಾಳೆ, ಕಲಿಯದಿದ್ದರೆ ಅತ್ತೆ ಹಂಗಿಸುತ್ತಾಳೆ. ಒಂದು ಮರ್ಯಾದೆ ಮಾತ್ರ ಎಲ್ಲರೂ ಪಾಲಿಸಬೇಕು: ಹೆಜ್ಜೆ ಹೋದ ಮೇಲೆ ಮನಸ್ಸು ಬದಲಾಯಿಸಿ ಹಿಂದಿರುಗಬಾರದು. ಹಾಗೆ ಹಿಂದಿರುಗಿದರೆ ಅದಕ್ಕೆ ಖಾಲಿ ಹೆಜ್ಜೆ ಅನ್ನುತ್ತೇವೆ. ಯಾವುದೋ ಕೆಲಸ ನೆನಪಾಗಿ ತಿರುಗಿ ಹೋದವರು ಆಮೇಲಾದರೂ ಆ ಮನೆಗೆ ಹೋಗಿ, "ಖಾಲಿ ಹೆಜ್ಜೆ ಕಳಿಸಿಬಿಟ್ಟೆ, ತಪ್ಪು ತಿಳೀಬೇಡಿ" ಅಂದು ಬರುತ್ತಾರೆ.

ಇಂಥ ಊರಿನ ಕಾಲೇಜಿನಲ್ಲಿ ಸಿನಿಮಾ ಪಾಠ ಹೇಳುತ್ತಿದ್ದ ಸೋಮಯಾಜಿ ಮೇಷ್ಟ್ರು ಕೊನೆಯ ವರ್ಷದ ನಮಗೆ ಒಂದು ಕೆಲಸ ಕೊಟ್ಟರು. "ಥ್ರಿಲ್ಲರ್ ಸಿನಿಮಾದ ಮೊದಲ ಎರಡು ನಿಮಿಷ ಮಾಡ್ಕೊಂಡು ಬನ್ನಿ. ಮೊದಲು ಟೆಸ್ಟ್ ಶೂಟ್ ತೋರಿಸಿ, ಆಮೇಲೆ ಒಂದು ವಾರ ಬಿಟ್ಟು ನಿಜವಾದ್ದು. ನನ್ನನ್ನ ಹೆದರಿಸಬೇಕು, ಅಷ್ಟೇ." ಮೇಷ್ಟ್ರು ಹೊರಗಿನ ಊರಿನವರು. ಇಲ್ಲಿಗೆ ಬಂದ ಹೊಸದರಲ್ಲಿ ಬಾಡಿಗೆ ಮನೆಯಲ್ಲಿ ಹಾಲಿನವಳ ಹೆಜ್ಜೆ ಕೇಳಿ ಬಾಗಿಲು ತೆಗೆದು, ಯಾರೂ ಇಲ್ಲದ್ದು ಕಂಡು, ಹನುಮಂತನನ್ನು ನೆನೆಯುತ್ತಾ ನಿಂತಿದ್ದರಂತೆ. ಹನ್ನೆರಡು ಎಣಿಸುವಷ್ಟರಲ್ಲಿ ಹಾಲಿನವಳು ಬಂದಳು. ಈಗ ಅವರಿಗೂ ಎಲ್ಲ ರೂಢಿಯಾಗಿತ್ತು.

ನಮ್ಮ ವಿಭಾಗದಲ್ಲಿ ಒಳ್ಳೆಯ ಕ್ಯಾಮೆರಾ ಇದ್ದದ್ದು ಒಂದೇ. ಯಾರ ಎರಡು ನಿಮಿಷ ಚೆನ್ನಾಗಿರುತ್ತದೋ ಅವರಿಗೆ ಬೇಸಿಗೆ ರಜೆಯಿಡೀ ಆ ಕ್ಯಾಮೆರಾ, ಪೂರ್ತಿ ಸಿನಿಮಾ ಮಾಡುವುದಕ್ಕೆ. ಉಳಿದವರು ಅವರ ಕೈಕೆಳಗೆ ದುಡಿಯಬೇಕು. ನನಗೆ ಆ ಕ್ಯಾಮೆರಾ ಬೇಕೇಬೇಕಿತ್ತು. ಎರಡು ವರ್ಷ ಬೇರೆಯವರ ಸಿನಿಮಾಗಳಲ್ಲಿ ವೈರು ಸುತ್ತಿ ಸಾಕಾಗಿತ್ತು. ನಮ್ಮ ತಂಡದಲ್ಲಿ ಮೂವರು. ನಿರ್ದೇಶನ ನನ್ನದು. ಕ್ಯಾಮೆರಾ ಕೆಲಸ ಜರೀನಾಳದು, ಮಾತು ಕಡಿಮೆ, ಕಣ್ಣು ಜಾಸ್ತಿ. ಧ್ವನಿ ಗುರುಪಾದನದು. ಆರಡಿ ಎತ್ತರದ ಆಳಾದ್ದರಿಂದ ಕೊಲೆಗಾರನ ಪಾತ್ರವೂ ಅವನದೇ.

ಯಾರೂ ಸದ್ದಿಲ್ಲದೆ ಬರಲಾಗದ ಊರಿನಲ್ಲಿ ಹೆದರಿಸುವುದು ಹೇಗೆ? ನಾನು ಮೂರು ದಿನ ತಲೆ ಕೆರೆದುಕೊಂಡು ಒಂದು ಉಪಾಯ ಹುಡುಕಿದೆ. ಕೊಲೆಗಾರ ಬೆಳಗ್ಗೆಯಿಂದಲೇ ಮನೆಯೊಳಗೆ ಬೀರುವಿನ ಹಿಂದೆ ಅಡಗಿರುತ್ತಾನೆ. ಹೊಸ್ತಿಲು ದಾಟುವ ಪ್ರಶ್ನೆಯೇ ಇಲ್ಲ, ಹಾಗಾಗಿ ಹೆಜ್ಜೆಯೂ ಇಲ್ಲ. ಹೆಂಗಸೊಬ್ಬಳು ಬಾಗಿಲಿಗೆ ಬೆನ್ನು ಹಾಕಿ ಬಟ್ಟೆ ಹೊಲಿಯುತ್ತಿರುತ್ತಾಳೆ. ಅವನು ಹಿಂದಿನಿಂದ ಬಂದು ಬಾಯಿ ಮುಚ್ಚುತ್ತಾನೆ. ನನ್ನ ಜಾಣತನಕ್ಕೆ ನಾನೇ ಮರುಳಾಗಿದ್ದೆ.

ಹೊಲಿಗೆ ಮಿಷನ್ ಇರುವ, ಬೆಳಕು ಚೆನ್ನಾಗಿ ಬೀಳುವ ಮನೆ ಅಂದರೆ ಭಾಗೀರಥಮ್ಮನದು. ಶಾಲೆಯ ನನ್ನ ಲಂಗ ರವಿಕೆಗಳನ್ನೆಲ್ಲ ಹೊಲಿದವರು ಅವರೇ. ಅರವತ್ತರ ಮೇಲೆ ವಯಸ್ಸು, ಒಬ್ಬರೇ ಇರುವುದು. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿಕೊಂಡಿದ್ದರು. ಮನೆ ಕೇಳಲು ಹೋದಾಗ, "ಮನೆ ತಗೋ. ಆದ್ರೆ ಮಿಷನ್ ಮೇಲೆ ಕೂರೋರು ಯಾರು?" ಅಂದರು.

"ನಮ್ಮ ಕ್ಲಾಸಿನ ಹುಡುಗಿ ಒಬ್ಬಳು, ಅಮ್ಮ."

"ಅವಳಿಗೆ ಪೆಡಲ್ ತುಳಿಯೋಕೆ ಬರುತ್ತಾ? ಬರದವರು ತುಳಿದ್ರೆ ದಾರ ಗಂಟಾಗಿ ಸೂಜಿ ಮುರಿಯುತ್ತೆ. ನಾನೇ ಕೂತ್ಕೋತೀನಿ. ಹೇಗೂ ಅರ್ಜೆಂಟು ಬ್ಲೌಸು ಎರಡಿದೆ."

ಹೀಗೆ ಭಾಗೀರಥಮ್ಮ ನಮ್ಮ ನಾಯಕಿಯಾದರು.

ಟೆಸ್ಟ್ ಶೂಟ್ ದಿನ ಬೆಳಗ್ಗೆ ಒಂಬತ್ತಕ್ಕೆ ಶುರುಮಾಡಿದೆವು. ಹೊಲಿಯುವುದೇನೋ ಅವರು ಸೊಗಸಾಗಿ ಹೊಲಿದರು. ಗುರುಪಾದ ಬೀರುವಿನ ಹಿಂದಿನಿಂದ ಬಂದು ಬಾಯಿ ಮುಚ್ಚಿದಾಗ ಮಾತ್ರ ಅವರ ಮುಖದಲ್ಲಿ ಏನೂ ಆಗುತ್ತಿರಲಿಲ್ಲ. ಒಂದು ಸಲ ಅವನ ಕೈ ಸರಿಸಿ, "ಏನಪ್ಪಾ, ಈರುಳ್ಳಿ ಹೆಚ್ಚಿದ್ದೀಯಾ?" ಅಂದುಬಿಟ್ಟರು. "ಹೆದರ್ಕೊಳ್ಳಿ ಅಮ್ಮಾ, ಜೋರಾಗಿ ಹೆದರ್ಕೊಳ್ಳಿ" ಅಂತ ನಾನು ಹೇಳಿದ್ದೇ ಹೇಳಿದ್ದು. ಅವರು ಕಣ್ಣು ಅಗಲಿಸಿದರು. ಬಾಯಿ ತೆರೆದರು. ಹಲ್ಲು ನೋವು ಬಂದವರ ಹಾಗೆ ಕಾಣುತ್ತಿತ್ತು. ಹನ್ನೊಂದು ಸಲ ತೆಗೆದು ನಾನು ಸೋತೆ. "ಸ್ವಲ್ಪ ಹೊತ್ತು ಬಿಡೋಣ" ಅಂದೆ. ಗುರುಪಾದ ಚಹಾ ಕುಡಿಯಲು ಬೀದಿಗೆ ಹೋದ. ಜರೀನಾ ಮುಖ ತೊಳೆಯಲು ಹಿತ್ತಲಿಗೆ ಹೋದಳು. ನಾನು ಗೋಡೆ ಕಡೆ ತಿರುಗಿ ಕೂತು, ತಂದಿದ್ದ ಬಾಳೆಹಣ್ಣು ತಿನ್ನುತ್ತಾ ಕಾಗದದ ಮೇಲೆ ಏನೇನೋ ಗೀಚುತ್ತಿದ್ದೆ. ನಡುವೆ ಗುರುಪಾದನ ಹೆಜ್ಜೆ ಕೇಳಿಸಿತು. ಬರುತ್ತಿದ್ದಾನೆ ಅಂದುಕೊಂಡು ತಿರುಗಿಯೂ ನೋಡಲಿಲ್ಲ. ಅವನು ಬಂದದ್ದು ಎಷ್ಟೋ ಹೊತ್ತಾದ ಮೇಲೆ. "ತಪ್ಪಾಯ್ತು ಅಮ್ಮ, ಟೋಪಿ ಅಂಗಡೀಲಿ ಮರೆತು ವಾಪಸ್ ಹೋದೆ. ಖಾಲಿ ಹೆಜ್ಜೆ ಆಗೋಯ್ತು" ಅಂದ. "ಇರಲಿ ಬಿಡಪ್ಪ" ಅಂದರು ಅವರು. ಮಧ್ಯಾಹ್ನದ ಹೊತ್ತಿಗೆ ಹೇಗೋ ಒಂದು ಟೇಕ್ ಸರಿ ಅನ್ನಿಸಿ, ಮುಗಿಸಿದೆವು.

ಗುರುವಾರ ತರಗತಿಯಲ್ಲಿ ಅದನ್ನು ತೋರಿಸಿದಾಗ ಆದ ಅವಮಾನ ಹೇಳತೀರದು. ಗುರುಪಾದ ಬೀರುವಿನ ಹಿಂದಿನಿಂದ ಇಣುಕಿದ ಕೂಡಲೇ ಹಿಂದಿನ ಬೆಂಚಿನಿಂದ ಯಾರೋ, "ಲೋ, ಹೊಟ್ಟೆಗೆ ಏನಾದ್ರೂ ತಿಂದ್ಯೇನೋ ಬೆಳಗ್ಗೆಯಿಂದ?" ಅಂದರು. ಇಡೀ ತರಗತಿ ನಕ್ಕಿತು. ಭಾಗೀರಥಮ್ಮ ಕಣ್ಣು ಅಗಲಿಸಿದಾಗ ಇನ್ನೂ ನಕ್ಕಿತು. ಮೇಷ್ಟ್ರು ನಗಲಿಲ್ಲ, ಆದರೆ ಮೂಗು ಉಜ್ಜಿಕೊಂಡರು. ಅದು ಇನ್ನೂ ಕೆಟ್ಟದು.

ನಿಲ್ಲಿಸು ಅಂತ ನಾನು ಜರೀನಾಳಿಗೆ ಸನ್ನೆ ಮಾಡುತ್ತಿದ್ದೆ. ಅವಳು ಗಡಿಬಿಡಿಯಲ್ಲಿ ಏನು ಒತ್ತಿದಳೋ, ಕಾರ್ಡಿನಲ್ಲಿದ್ದ ಇನ್ನೊಂದು ತುಣುಕು ಶುರುವಾಯಿತು. ಹಿತ್ತಲಿಗೆ ಹೋಗುವಾಗ ಅವಳು ಕ್ಯಾಮೆರಾ ನಿಲ್ಲಿಸಲು ಮರೆತಿದ್ದಳು. ಪರದೆಯ ಮೇಲೆ ಭಾಗೀರಥಮ್ಮ ಒಬ್ಬರೇ ಮಿಷನ್ ತುಳಿಯುತ್ತಿದ್ದಾರೆ. ಹೆಜ್ಜೆ ಬಂತು. ಅವರ ಕಾಲು ನಿಂತಿತು. ಎದ್ದು ಮೂಲೆಯ ಗಡಿಗೆಯಿಂದ ಲೋಟಕ್ಕೆ ಮಜ್ಜಿಗೆ ಬಗ್ಗಿಸಿ, ಬಾಗಿಲ ಪಕ್ಕದ ಸ್ಟೂಲಿನ ಮೇಲಿಟ್ಟು, ಬಂದು ಕೂತರು. ಬಾಗಿಲ ಕಡೆ ನೋಡಿದರು. ಹನ್ನೆರಡು ಎಣಿಕೆ ಮುಗಿಯಿತು. ಯಾರೂ ಬರಲಿಲ್ಲ. ಅವರು ಮತ್ತೆ ಮಿಷನ್ ತುಳಿಯಲು ಹೋಗಿ, ತುಳಿಯಲಿಲ್ಲ. ತೊಡೆಯ ಮೇಲಿದ್ದ ಬಟ್ಟೆಯ ಅಂಚನ್ನು ಬೆರಳಲ್ಲಿ ಒಂದೇ ಸಮನೆ ಮಡಿಸುತ್ತಾ ಕೂತರು. ಬಾಗಿಲು ನೋಡಿದರು, ಲೋಟ ನೋಡಿದರು. ಕೊನೆಗೆ ಎದ್ದು ಹೋಗಿ ಒಂದು ತಟ್ಟೆ ತಂದು ಲೋಟದ ಬಾಯಿಗೆ ಮುಚ್ಚಿದರು. ಅಷ್ಟೇ.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಿದ್ದಳು, ಯಾಕೆ ಎದ್ದೆ ಅನ್ನುವುದು ಅವಳಿಗೇ ಗೊತ್ತಿರಲಿಲ್ಲ. ಮೇಷ್ಟ್ರು, "ಇದನ್ನ ಯಾರು ಮಾಡಿಸಿದ್ದು?" ಎಂದು ಕೇಳಿದರು.

"ನಾನೇ ಸಾರ್" ಅಂದೆ.

ಅಂದದ್ದು ಬಾಯಿಂದ ಹೊರಬಿದ್ದ ಮೇಲೇ ನನಗೆ ಗೊತ್ತಾದದ್ದು. ಜರೀನಾ ನನ್ನ ಕಡೆ ತಿರುಗಿ ನೋಡಿದಳು. "ಮುಂದಿನ ಗುರುವಾರ ಇದನ್ನೇ ಸರಿಯಾಗಿ ತೆಗೆದುಕೊಂಡು ಬಾ, ಕುಮುದಾ. ಆ ಬೀರು ಬೇಡ" ಅಂದರು ಮೇಷ್ಟ್ರು.

ಹೊರಗೆ ಬಂದ ಮೇಲೆ ನಾನು ಜಂಬದಲ್ಲಿ ಯೋಜನೆ ಹೇಳತೊಡಗಿದೆ. "ಭಾಗೀರಥಮ್ಮನಿಗೆ ಏನೂ ಹೇಳೋದು ಬೇಡ. ಸುಮ್ನೆ ಹೊಲೀತಿರಲಿ. ಗುರುಪಾದ ಬೀದಿಯಿಂದ ಬಂದಂಗೆ ಮಾಡಿ ತಿರುಗಿ ಹೋಗ್ಲಿ. ನಿಜವಾಗ್ಲೂ ಹೆದರ್ತಾರೆ, ಹೋದ ಸಲದ ಹಾಗೆ."

ಗುರುಪಾದ ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತಾ, "ಬೇಕು ಅಂತ್ಲೇ ಖಾಲಿ ಹೆಜ್ಜೆ ಕಳಿಸೋದಾ?" ಅಂದ. ಜರೀನಾ ಕ್ಯಾಮೆರಾದ ಚೀಲವನ್ನು ಹೆಗಲಿಗೆ ಹಾಕಿಕೊಂಡಳು. "ಅವರನ್ನ ಕೇಳದೆ ನಾನು ಕ್ಯಾಮೆರಾ ಮುಟ್ಟಲ್ಲ. ಆ ಮುಖ ಸಿನಿಮಾದ್ದಲ್ಲ ಕುಮುದಾ, ಅವರದು." ಅಷ್ಟು ಹೇಳಿ ಹೋಗಿಬಿಟ್ಟಳು.

ನನಗೆ ಸಿಟ್ಟು ಬಂತು. ಮನೆಗೆ ಹೋಗಿ ಅಮ್ಮನ ಮುಂದೆ ಎಲ್ಲವನ್ನೂ ಹೇಳಿ, ಇವರಿಬ್ಬರದು ಅತಿಯಾಯ್ತು ಅಂದೆ. ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. ಮಜ್ಜಿಗೆ ಲೋಟದ ಮಾತು ಬಂದಾಗ ಕೈ ನಿಲ್ಲಿಸಿದಳು. "ತಟ್ಟೆ ಮುಚ್ಚಿದ್ರಾ?" ಎಂದು ಕೇಳಿದಳು. ಆಮೇಲೆ ಹೇಳಿದಳು. ಭಾಗೀರಥಮ್ಮನ ಗಂಡ ನೀರಿನ ಟ್ಯಾಂಕಿನಲ್ಲಿ ಕೆಲಸಕ್ಕಿದ್ದರು. ನನಗೆ ಆಗ ನಾಲ್ಕು ವರ್ಷ. ಒಂದು ಮಧ್ಯಾಹ್ನ ಊಟಕ್ಕೆ ಬರುವಾಗ ಅವರ ಹೆಜ್ಜೆ ಮನೆ ಮುಟ್ಟಿತು. ಅವರು ಮುಟ್ಟಲಿಲ್ಲ. ಬೀದಿಯ ತಿರುವಿನಲ್ಲಿ, ಮನೆಗೆ ಹನ್ನೆರಡು ಎಣಿಕೆ ದೂರದಲ್ಲಿ ಎದೆ ಹಿಡಿದುಕೊಂಡು ಬಿದ್ದಿದ್ದರು. ಒಳಗೆ ಈಕೆ ಮಜ್ಜಿಗೆ ಬಗ್ಗಿಸಿಟ್ಟು, ಯಾರನ್ನೋ ಮಾತಾಡಿಸುತ್ತಾ ನಿಂತಿರಬೇಕು ಅಂತ ಕಾಯುತ್ತಾ ಕೂತಿದ್ದರು. ನೊಣ ಕೂರಬಾರದು ಅಂತ ತಟ್ಟೆ ಮುಚ್ಚಿದರು. ಕಾಲು ಗಂಟೆಯಾದ ಮೇಲೆ ಯಾರೋ ಓಡಿಬಂದು ಹೇಳಿದರು.

"ಹೊರಗೆ ಹೋಗಿ ನೋಡಲಿಲ್ಲ ಅನ್ನೋದು ಈಗಲೂ ಅವಳಿಗೆ ಕೊರಗು" ಅಂದಳು ಅಮ್ಮ. "ಯಾರ ಹತ್ರಾನೂ ಆಡಲ್ಲ."

ಆ ಸಂಜೆ ನನಗೆ ಊಟ ಸೇರಲಿಲ್ಲ. ಮರುದಿನ ಕಾಲೇಜಿಗೂ ಹೋಗಲಿಲ್ಲ. ಜರೀನಾಳ ಮನೆಗೆ ಹೋಗಿ, "ನೀನು ಹೇಳಿದ್ದೇ ಸರಿ, ಬಾ" ಅಂದೆ. ಅವಳು ಆ ತುಣುಕು ತೋರಿಸಲು ಸಣ್ಣ ಪರದೆಯ ಯಂತ್ರವೊಂದನ್ನು ತೆಗೆದುಕೊಂಡು ಬಂದಳು. ಇಬ್ಬರೂ ಭಾಗೀರಥಮ್ಮನ ಮನೆಗೆ ಹೋದೆವು. ನಾನು ಹೊಸ್ತಿಲು ದಾಟುವಷ್ಟರಲ್ಲಿ ಅವರು ಎರಡು ಚಾಪೆ ಹಾಸಿಟ್ಟಿದ್ದರು.

ನಾನು ಎಲ್ಲವನ್ನೂ ಹೇಳಿದೆ. ಕ್ಯಾಮೆರಾ ಓಡುತ್ತಿದ್ದದ್ದು, ತರಗತಿಯಲ್ಲಿ ತೋರಿಸಿದ್ದು, ನಾನೇ ಮಾಡಿಸಿದ್ದು ಎಂದು ಸುಳ್ಳು ಹೇಳಿದ್ದು. "ಇದನ್ನ ಅಳಿಸಿ ಹಾಕು ಅಂದ್ರೆ ಈಗಲೇ ಅಳಿಸ್ತೀವಿ ಅಮ್ಮ."

"ಮೊದಲು ತೋರಿಸು" ಅಂದರು.

ಕನ್ನಡಕ ಒರೆಸಿಕೊಂಡು, ಪರದೆಯನ್ನು ಮೊಣಕಾಲ ಮೇಲಿಟ್ಟುಕೊಂಡು ನೋಡಿದರು. ಒಂದು ಸಲವಲ್ಲ, ಮೂರು ಸಲ. ಮೂರನೆಯ ಸಲ ನೋಡುವಾಗ ನಾನು ನೆಲ ನೋಡುತ್ತಿದ್ದೆ. ಆಮೇಲೆ ಅವರು ಹೇಳಿದ ಮಾತು ಇದು: "ಲೋಟ ಇಟ್ಟ ಮೇಲೆ ಬೇಗ ಬಂದು ಕೂತ್ಬಿಟ್ಟೆ. ಅಲ್ಲೇ ಒಂದು ಗಳಿಗೆ ನಿಲ್ಲಬೇಕಿತ್ತು."

ನಾನು ತಲೆಯೆತ್ತಿದೆ.

"ಕೆಂಪು ದೀಪ ಉರೀತಾ ಇತ್ತಲ್ಲೇ, ನೋಡಲಿಲ್ವಾ ನೀನು?" ಅಂದರು. "ಆ ಹುಡುಗ ತಿರುಗಿ ಹೋದದ್ದು ಕಿಟಕೀಲಿ ಕಾಣಿಸ್ತು. ನೀನು ಬೆಳಗ್ಗೆಯಿಂದ ಹೆದರ್ಕೊಳ್ಳಿ ಹೆದರ್ಕೊಳ್ಳಿ ಅಂತ ಪ್ರಾಣ ತಿಂತಿದ್ದೆ. ಬೀರು ಹಿಂದಿಂದ ಬರೋನಿಗೆ ಹೆದರೋದು ನನಗೆ ಬರಲ್ಲ. ನನಗೆ ಗೊತ್ತಿರೋ ಹೆದರಿಕೆ ಒಂದೇ. ಅದನ್ನ ಮಾಡಿ ತೋರಿಸ್ದೆ. ನೀನು ನೋಡಿದ್ರೆ ಗೋಡೆ ಕಡೆ ಮುಖ ಮಾಡ್ಕೊಂಡು ಬಾಳೆಹಣ್ಣು ತಿಂತಾ ಇದ್ದೆ."

ಜರೀನಾ ಬಾಯಿಗೆ ಕೈ ಅಡ್ಡ ಹಿಡಿದಳು. ನಗುವೋ ಅಳುವೋ ತಿಳಿಯಲಿಲ್ಲ. ನನಗಂತೂ ಕೂತ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಹನ್ನೊಂದು ಸಲ ನಾನು ಅವರಿಗೆ ಅಭಿನಯ ಹೇಳಿಕೊಟ್ಟಿದ್ದೆ! ಆಕೆ ಹದಿನೇಳು ವರ್ಷ ಯಾರಿಗೂ ತೋರಿಸದ ಒಂದು ಮಧ್ಯಾಹ್ನವನ್ನು, ಕೇಳಿದ ನಮಗೆ ಎತ್ತಿ ಕೊಟ್ಟಿದ್ದರು. ಅದನ್ನು ತೆಗೆದುಕೊಳ್ಳುವುದಕ್ಕೆ ನಾನು ತಿರುಗಿಯೂ ಕೂತಿರಲಿಲ್ಲ.

"ನಿಮಗೆ ನೋವಾಗಲ್ವಾ ಅಮ್ಮ?" ಜರೀನಾ ಕೇಳಿದಳು.

"ಆಗುತ್ತೆ" ಅಂದರು ಅವರು, ಸಾಧಾರಣವಾಗಿ. "ಹೊಲಿಯೋವಾಗ ಸೂಜಿ ಚುಚ್ಚಲ್ವಾ? ಅದಕ್ಕೆ ಬ್ಲೌಸು ಅರ್ಧಕ್ಕೆ ಬಿಡ್ತಾರಾ? ಬುಧವಾರ ಬನ್ನಿ. ಹನ್ನೆರಡು ಗಂಟೆಗೆ ಬೆಳಕು ಬಾಗಿಲ ಹತ್ರ ಬೀಳುತ್ತೆ, ಅದೇ ಸರಿ."

ಬುಧವಾರ ಹನ್ನೆರಡಕ್ಕೆ ಹೋದೆವು. ಈ ಸಲ ನಾನು ಅವರಿಗೆ ಏನೂ ಹೇಳಿಕೊಡಲಿಲ್ಲ. ಜರೀನಾ ಕ್ಯಾಮೆರಾವನ್ನು ಹಿಂದಿನ ಸಲಕ್ಕಿಂತ ದೂರ, ಅಡುಗೆ ಮನೆಯ ಬಾಗಿಲಲ್ಲಿಟ್ಟಳು. ಕೋಣೆ, ಬಾಗಿಲು, ಬಾಗಿಲಾಚೆಯ ಬೀದಿಯ ಒಂದು ತುಂಡು, ಎಲ್ಲ ಕಾಣುವ ಹಾಗೆ. ಗುರುಪಾದ ಬೀದಿಯಿಂದ ಹೆಜ್ಜೆ ಕಳಿಸಿ ಹಿಂದಿರುಗಬೇಕು. ಅವನು ಅದಕ್ಕೆ ಮುಂಚೆಯೇ ಭಾಗೀರಥಮ್ಮನ ಕಾಲು ಮುಟ್ಟಿ, "ಅಮ್ಮ, ಇವತ್ತು ಬೇಕು ಅಂತ್ಲೇ ಕಳಿಸ್ತೀನಿ, ಕ್ಷಮಿಸಿ" ಅಂದು ಹೋದ. ನಾವು ಬರೆದುಕೊಂಡದ್ದು ಇಷ್ಟು: ಹೆಜ್ಜೆ ಬರುತ್ತದೆ, ಮಜ್ಜಿಗೆ ಇಡುತ್ತಾರೆ, ಕೂರುತ್ತಾರೆ, ಕಾಯುತ್ತಾರೆ, ತಟ್ಟೆ ಮುಚ್ಚುತ್ತಾರೆ.

ಮಿಷನ್ ಓಡಿತು. ಹೆಜ್ಜೆ ಬಂತು. ಕಾಲು ನಿಂತಿತು. ಅವರು ಎದ್ದು ಮಜ್ಜಿಗೆ ಬಗ್ಗಿಸಿ ಸ್ಟೂಲಿನ ಮೇಲಿಟ್ಟರು. ಈ ಸಲ ಲೋಟದ ಪಕ್ಕ ಒಂದು ಗಳಿಗೆ ನಿಂತರು, ಲೋಟ ಪೂರ್ತಿ ತುಂಬಿದೆಯೇ ಎಂದು ನೋಡುವ ಹಾಗೆ. ಬಂದು ಕೂತರು. ಹನ್ನೆರಡು ಎಣಿಕೆ ಕಳೆಯಿತು. ಬೀದಿ ಖಾಲಿ. ಬಟ್ಟೆಯ ಅಂಚು ಮಡಿಸತೊಡಗಿದರು.

ಆಗ ಹೊಸ್ತಿಲಲ್ಲಿ ಹೆಜ್ಜೆ ಕೇಳಿಸಿತು. ಒಳಗಿನಿಂದ ಹೊರಕ್ಕೆ ಹೋಗುವ ಹೆಜ್ಜೆ. ಅವರದೇ. ಭಾಗೀರಥಮ್ಮ ಇನ್ನೂ ಮಿಷನ್ ಮುಂದೆ ಕೂತಿದ್ದರು, ಮಡಿಲಲ್ಲಿ ಬಟ್ಟೆಯಿತ್ತು. ತಾವು ಎದ್ದು ಹೋಗಲಿರುವುದು ಅವರಿಗೆ ಕೇಳಿಸುವಂತಿಲ್ಲ, ನಮಗೆ ಕೇಳಿಸಿತು. ಜರೀನಾ ಕ್ಯಾಮೆರಾದಿಂದ ಕಣ್ಣು ತೆಗೆದು ನನ್ನನ್ನು ನೋಡಿದಳು. ಬರೆದದ್ದರಲ್ಲಿ ಇದಿಲ್ಲ. ಕಟ್ ಅನ್ನಬಹುದಿತ್ತು. ಹನ್ನೆರಡು ಎಣಿಸುವಷ್ಟು ಸಮಯ ನನಗಿತ್ತು. ಅಷ್ಟರಲ್ಲಿ ನಾನು ಮಾಡಿದ್ದು ಒಂದೇ ಕೆಲಸ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಸುಮ್ಮನೆ ನಿಂತದ್ದು. ನನ್ನ ಜನ್ಮದಲ್ಲಿ ನಾನು ಮಾಡಿದ ಒಳ್ಳೆಯ ನಿರ್ದೇಶನ ಅದೊಂದೇ ಇರಬೇಕು.

ಅವರು ಬಟ್ಟೆಯನ್ನು ಪಕ್ಕಕ್ಕಿಟ್ಟರು. ಎದ್ದರು. ಲೋಟವನ್ನು ದಾಟಿ, ಚಪ್ಪಲಿ ಹಾಕದೆ, ಹೊಸ್ತಿಲು ದಾಟಿ ಬೀದಿಗಿಳಿದರು. ಮೊದಲು ನಡೆದರು, ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದರು. ಅರವತ್ತು ದಾಟಿದ ಹೆಂಗಸು ಬಿಸಿಲಲ್ಲಿ ಬರಿಗಾಲಲ್ಲಿ ತಿರುವಿನವರೆಗೆ ಓಡಿದ್ದು ಬಾಗಿಲ ಚೌಕಟ್ಟಿನೊಳಗೆ ಚಿಕ್ಕದಾಗುತ್ತಾ ಕಂಡಿತು. ಅಲ್ಲಿ ಟೋಪಿ ಹಿಡಿದು ನಿಂತಿದ್ದ ಗುರುಪಾದ ಗಾಬರಿಯಾಗಿ ಅವರನ್ನು ಹಿಡಿದುಕೊಂಡ. ಆಕೆ ಅವನ ತೋಳು, ಭುಜ, ಎದೆ ಎಲ್ಲ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ನಾನೂ ಓಡಿದೆ. ಹತ್ತಿರ ಹೋದಾಗ ಅವರು ಏದುಸಿರು ಬಿಡುತ್ತಾ ಅವನಿಗೆ, "ಏನಿಲ್ಲಪ್ಪ, ಏನಿಲ್ಲ. ಒಂದು ಸಲ ಬಂದು ನೋಡ್ಬೇಕಿತ್ತು" ಅನ್ನುತ್ತಿದ್ದರು. ಗುರುಪಾದ ಅಷ್ಟೆತ್ತರದ ಆಳು, ಮಗುವಿನ ಹಾಗೆ ಅಳುತ್ತಿದ್ದ. ನಾವು ನಾಲ್ವರೂ ಆ ತಿರುವಿನ ಕಟ್ಟೆಯ ಮೇಲೆ ಬಹಳ ಹೊತ್ತು ಕೂತೆವು. ಬೀದಿಯವರು ಬಂದು ಏನಾಯಿತು ಅಂತ ಕೇಳಲಿಲ್ಲ. ಒಬ್ಬರು ನೀರು ತಂದುಕೊಟ್ಟು ಹೋದರು.

ಗುರುವಾರ ತರಗತಿಗೆ ಭಾಗೀರಥಮ್ಮ ತಾವೂ ಬಂದು ಕಿಟಕಿಯ ಪಕ್ಕ ಕೂತರು. ತೋರಿಸುವ ಮೊದಲು ನಾನು ಎದ್ದು ನಿಂತು, ಹೋದ ವಾರ ಸುಳ್ಳು ಹೇಳಿದ್ದೆ, ಅದನ್ನು ಮಾಡಿದ್ದು ಇವರು, ಇದನ್ನು ಮಾಡಿರುವುದೂ ಇವರೇ ಎಂದೆ. ಆಮೇಲೆ ದೀಪ ಆರಿಸಿದೆವು. ಮುಗಿದ ಮೇಲೆ ಮೇಷ್ಟ್ರು ದೀಪ ಹಾಕಲು ಮರೆತು ಕತ್ತಲಲ್ಲೇ ನಿಂತಿದ್ದರು. ಕೊನೆಗೆ ಭಾಗೀರಥಮ್ಮನ ಬಳಿ ಹೋಗಿ ಕೈಮುಗಿದರು. "ಹೆದರಿಸಿದ್ರಿ ತಾಯಿ" ಅಂದರು.

ಕ್ಯಾಮೆರಾ ನಮಗೇ ಸಿಕ್ಕಿತು. ಬೇಸಿಗೆಯಿಡೀ ಕಷ್ಟಪಟ್ಟು ಪೂರ್ತಿ ಸಿನಿಮಾ ಮಾಡಿದೆವು. ನಿಜ ಹೇಳಬೇಕೆಂದರೆ ಅದು ಸುಮಾರಾಗಿದೆ. ಮೊದಲ ಎರಡು ನಿಮಿಷದ ಎತ್ತರಕ್ಕೆ ನಾನು ಬರೆದ ಕಥೆ ಏರಲಿಲ್ಲ. ಆದರೆ ಊರಿನ ಟಾಕೀಸಿನಲ್ಲಿ ಒಂದು ಬೆಳಗಿನ ಆಟ ಹಾಕಿದಾಗ ಜನ ಆ ಎರಡು ನಿಮಿಷ ನೋಡಲೆಂದೇ ಬಂದರು. ಆಟ ಮುಗಿದ ಮೇಲೆ ಕೆಲವು ವಯಸ್ಸಾದ ಹೆಂಗಸರು ಭಾಗೀರಥಮ್ಮನ ಪಕ್ಕ ಬಂದು ಅವರ ಕೈ ಹಿಡಿದುಕೊಂಡು ಕೂತು ಹೋದದ್ದನ್ನು ನಾನು ನೋಡಿದೆ.

ಈಗ ಅದೇ ಕಾಲೇಜಿನಲ್ಲಿ ನಾನೂ ಪಾಠ ಹೇಳುತ್ತೇನೆ. ಪ್ರತಿ ವರ್ಷ ಯಾವುದಾದರೂ ತಂಡ ಭಾಗೀರಥಮ್ಮನನ್ನು ಕೇಳಿಕೊಂಡು ಹೋಗುತ್ತದೆ. ಮೊನ್ನೆ ಒಂದು ಶೂಟಿಂಗ್ ನೋಡಲು ಹೋಗಿದ್ದೆ. ಶ್ರೀನಿಧಿ ಅಂತ ಒಬ್ಬ ಚುರುಕಿನ ವಿದ್ಯಾರ್ಥಿ, ಕೈಯಲ್ಲಿ ದಪ್ಪ ಪ್ಯಾಡು. "ಅಮ್ಮ, ಇಲ್ಲಿ ಅಳಬೇಕು" ಅಂದ.

"ಯಾಕಪ್ಪ ಅಳ್ತಾಳೆ ಇವಳು?" ಅಂದರು ಭಾಗೀರಥಮ್ಮ.

"ಅದು... ಸೀನು ಹಾಗಿದೆ ಅಮ್ಮ."

"ಸೀನಿಗೇನು ಗೊತ್ತು? ನೀನು ಹೇಳು."

ಅವನು ಪ್ಯಾಡಿನ ಹಾಳೆಗಳನ್ನು ಹಿಂದೆ ಮುಂದೆ ತಿರುವಿದ. ಸಹಾಯಕ್ಕೆ ನನ್ನ ಮುಖ ನೋಡಿದ. ನಾನು ಕಿಟಕಿಯಾಚೆ ನೋಡಿದೆ. ಕೊನೆಗೆ ಅವನು ಪ್ಯಾಡನ್ನು ಮುಚ್ಚಿಟ್ಟು, ಆಕೆಯ ಎದುರಿಗೆ ನೆಲದ ಮೇಲೆ ಕೂತು ಯೋಚಿಸತೊಡಗಿದ. ಬೆಳಕು ಸರಿಯುತ್ತಿತ್ತು, ಹುಡುಗರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಭಾಗೀರಥಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ, ಯಾವ ಆತುರವೂ ಇಲ್ಲದೆ ಅವನಿಗಾಗಿ ಕಾಯುತ್ತಾ ಕೂತರು.